ನನ್ನನ್ನು ಉಲ್ಲೇಖಿಸಿದವರು

ಹೇಳಿಕೊಳ್ಳುವುದಕ್ಕೆ ನಾಚಿಕೆ, ಆದರೂ ಹೇಳಿಬಿಡುತ್ತೇನೆ. ಬೆಳಿಗ್ಗೆ ಎದ್ದ ಕೂಡಲೇ ಕೆಲವರು ಅಂಗೈ ನೋಡಿಕೊಳ್ಳುತ್ತಾರೆ, ಕೆಲವರು ದೇವರ ಪಟ ನೋಡುತ್ತಾರೆ. ನಾನು ಮೊಬೈಲು ತೆರೆದು, ಈ ಜಗತ್ತಿನಲ್ಲಿ ಯಾರಾದರೂ ನನ್ನನ್ನು ಹೊಸದಾಗಿ ಉಲ್ಲೇಖಿಸಿದ್ದಾರೆಯೇ ಎಂದು ನೋಡುತ್ತೇನೆ. ಉಲ್ಲೇಖಿಸಿರುವುದಿಲ್ಲ. ಹಲ್ಲುಜ್ಜಲು ಹೋಗುತ್ತೇನೆ.

ನಾನು ಅರ್ಥಶಾಸ್ತ್ರದ ಅಧ್ಯಾಪಕ. ಮನೆ ಸೇಡಂನಲ್ಲಿ, ಪಾಠ ಚಿತ್ತಾಪುರದಲ್ಲಿ, ನಡುವೆ ಪ್ಯಾಸೆಂಜರ್ ರೈಲು. ಎಷ್ಟೋ ವರ್ಷಗಳಿಂದ ಬೇಡಿಕೆ, ಪೂರೈಕೆ ಎಂದು ಹೇಳುತ್ತ ಬಂದಿದ್ದೇನೆ. ನನ್ನ ಪಾಠ ಯಾರಿಗಾದರೂ ತಿಳಿಯುತ್ತದೆಯೇ ಎಂದು ಮೇಲಿನವರು ಒಮ್ಮೆಯೂ ಕೇಳಿದ್ದಿಲ್ಲ. ಅವರು ಕೇಳುವುದು ಎರಡೇ: ಎಷ್ಟು ಪ್ರಕಟಣೆ? ಎಷ್ಟು ಉಲ್ಲೇಖ? ಉಲ್ಲೇಖ ಅಂದರೇನೆಂದು ನಿಮಗೆ ಗೊತ್ತಿರಲಿಕ್ಕಿಲ್ಲ. ಗೊತ್ತಿಲ್ಲದಿದ್ದರೆ ನೀವು ಪುಣ್ಯವಂತರು. ನಾನು ಬರೆದ ಲೇಖನವನ್ನು ಇನ್ನೊಬ್ಬ ಸಂಶೋಧಕ ತನ್ನ ಲೇಖನದಲ್ಲಿ ಹೆಸರಿಸಿದರೆ ನನಗೆ ಒಂದು ಉಲ್ಲೇಖ ಸಿಕ್ಕಂತೆ. 'ಇವರು ಅದ್ಭುತವಾಗಿ ಹೇಳಿದ್ದಾರೆ' ಎಂದು ಹೊಗಳಿದರೂ ಒಂದು, 'ಇವರಿಗೆ ಏನೂ ತಿಳಿಯದು' ಎಂದು ಬೈದರೂ ಒಂದು. ಇದನ್ನೆಲ್ಲ ಎಣಿಸುವ ಯಂತ್ರಕ್ಕೆ ಹೊಗಳಿಕೆ ಬೈಗುಳಗಳ ಭೇದ ಇಲ್ಲ. ಸ್ಥಿತಪ್ರಜ್ಞ ಎಂದು ಯಾರನ್ನಾದರೂ ಕರೆಯುವುದಿದ್ದರೆ ಆ ಯಂತ್ರವನ್ನೇ ಕರೆಯಬೇಕು.

ಇದರ ಮೇಲೆ ಎಚ್-ಇಂಡೆಕ್ಸ್ ಎಂಬುದೊಂದಿದೆ. ನಿಮ್ಮ ಐದು ಲೇಖನಗಳನ್ನು ತಲಾ ಐದು ಜನರಾದರೂ ಹೆಸರಿಸಿದ್ದರೆ ನಿಮ್ಮದು ಐದು. ಹತ್ತು ಲೇಖನಗಳನ್ನು ಹತ್ತು ಹತ್ತು ಜನ ಹೆಸರಿಸಿದ್ದರೆ ಹತ್ತು. ನನ್ನದು ಎರಡು. ಆ ಎರಡರಲ್ಲಿ ಒಂದು ಲೇಖನವನ್ನು ಹೆಸರಿಸಿದವರು ಇಬ್ಬರೇ, ಅವರಲ್ಲಿ ಒಬ್ಬ ನಾನೇ. ನನ್ನ ಹೆಂಡತಿ ಸುವರ್ಣಾ ಪ್ರಾಥಮಿಕ ಶಾಲೆಯ ಶಿಕ್ಷಕಿ. ಒಂದು ದಿನ ನನ್ನ ಮೊಬೈಲಿನಲ್ಲಿ ಈ ಎರಡನ್ನು ಕಂಡು ಕೇಳಿದಳು.

"ಏನ್ರಿ ಇದು, ಮಾರ್ಕ್ಸಾ? ಎಷ್ಟಕ್ಕ ಎರಡು?"

"ಇದಕ್ಕ ಇಷ್ಟೇ ಅಂತ ಮಿತಿ ಇಲ್ಲ."

"ಮಿತಿ ಇಲ್ದದ್ರಾಗ ಎರಡೇ ತಗೊಂಡೀರಾ?"

ಇಂಥ ಮನೆಯಲ್ಲಿ ಸಂಶೋಧನೆ ಮಾಡುವುದು ಎಷ್ಟು ಕಷ್ಟವೆಂದು ನೀವೇ ಯೋಚಿಸಿ.

ಎಲ್ಲರೂ ನನ್ನಷ್ಟು ದಡ್ಡರಲ್ಲ. ನನ್ನ ಗೆಳೆಯರೊಬ್ಬರಿದ್ದಾರೆ, ಅವರ ಪ್ರಕಟಣೆಗಳ ಪಟ್ಟಿ ಓದುವುದಕ್ಕೆ ಸೇಡಂನಿಂದ ವಾಡಿಯವರೆಗಿನ ಪ್ರಯಾಣ ಸಾಲದು. ಅವರ ವಿಧಾನ ಸರಳ. ಮೊದಲು 'ಚಿಂಚೋಳಿ ತಾಲೂಕಿನ ಮಹಿಳಾ ಸ್ವಸಹಾಯ ಸಂಘಗಳು: ಒಂದು ಅಧ್ಯಯನ' ಎಂದು ಬರೆದರು. ಮರುವರ್ಷ ಚಿಂಚೋಳಿಯ ಜಾಗದಲ್ಲಿ ಚಿತ್ತಾಪುರ ಎಂದು ಹಾಕಿದರು. ಅದರ ಮರುವರ್ಷ ಶಹಾಬಾದ. ಕಂಪ್ಯೂಟರಿನಲ್ಲಿ ಹೆಸರು ಬದಲಿಸುವಾಗ ಒಂದು ಪ್ಯಾರಾ ಮಾತ್ರ ಅವರ ಕಣ್ಣು ತಪ್ಪಿಸಿತು. ಹಾಗಾಗಿ ಆ ಲೇಖನದಲ್ಲಿ ಶಹಾಬಾದದ ಹೆಣ್ಣುಮಕ್ಕಳು ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಗಣಿಗಳ ನಡುವೆ ಬದುಕುತ್ತಲೇ ಒಂದು ಕಡೆ ಇದ್ದಕ್ಕಿದ್ದಂತೆ ಚಿಂಚೋಳಿಯ ಕಾಡಿಗೆ ನಡೆದುಹೋಗಿ ಕಟ್ಟಿಗೆ ಹೊತ್ತು ತಂದುಬಿಡುತ್ತಾರೆ. ಯಾರೂ ಗಮನಿಸಲಿಲ್ಲ. ಗಮನಿಸಬೇಕಾದರೆ ಓದಬೇಕಲ್ಲ.

ಗೆಳೆಯರನ್ನು ಆಡಿಕೊಂಡು ನಗುವ ಅಧಿಕಾರ ನನಗಿದೆ ಎಂದು ನಾನು ಬಹಳ ಕಾಲ ನಂಬಿದ್ದೆ. ಯಾಕೆಂದರೆ ನನ್ನ ಹತ್ತಿರ ಒಂದು ಲೇಖನವಿತ್ತು. ಒಂದೇ ಒಂದು. ಆದರೆ ಅದು ಊರೂರು ತಿರುಗಿದ ಲೇಖನ. ನಾನೆಂದೂ ಕಾಣದ ದೇಶಗಳ ಪಂಡಿತರು ಅದನ್ನು ಹೆಸರಿಸಿದ್ದರು. ನನ್ನ ಹೆಸರನ್ನು ಮೂರು ಬೇರೆ ಬೇರೆ ರೀತಿಯಲ್ಲಿ ತಪ್ಪಾಗಿ ಬರೆದಿದ್ದರು, ಇರಲಿ.

ಆ ಲೇಖನದ ಕಥೆ ಹೀಗೆ. ಸೇಡಂ ಸುತ್ತ ಸಿಮೆಂಟ್ ಕಾರ್ಖಾನೆಗಳು ಬಂದಮೇಲೆ ಗಂಡಸರಿಗೆ ತಿಂಗಳ ಸಂಬಳದ ಕೆಲಸ ಸಿಗತೊಡಗಿತು. ಗಂಡನಿಗೆ ಸಂಬಳ ಬಂದರೆ ಹೆಂಡತಿ ಹೊಲದ ಕೂಲಿಗೆ ಹೋಗುವುದನ್ನು ಬಿಡುತ್ತಾಳೆಯೇ? ಅರ್ಥಶಾಸ್ತ್ರದಲ್ಲಿ ಇದು ಹಳೆಯ ಜಗಳ. ನಾನು ಇದನ್ನು ತೀರ್ಮಾನಿಸಿಯೇ ಬಿಡುತ್ತೇನೆಂದು ಹೊರಟೆ. ಪ್ರಶ್ನಾವಳಿ ಮಾಡಿದೆ. ನಮ್ಮ ವಿದ್ಯಾರ್ಥಿನಿಯರನ್ನು ಕರೆದುಕೊಂಡು, ಕಾಲೇಜಿಗೆ ರಜೆ ಇದ್ದ ಒಂದು ರವಿವಾರ, ತೊಗರಿ ಹೊಲದಲ್ಲಿ ಕಸ, ಅಂದರೆ ಕಳೆ, ತೆಗೆಯುವ ಕಾಲದಲ್ಲಿ, ಕುರಕುಂಟಾದ ಓಣಿ ಓಣಿ ತಿರುಗಿದೆವು. ಹೆಣ್ಣುಮಕ್ಕಳನ್ನು ಕೇಳಿದ ಮುಖ್ಯ ಪ್ರಶ್ನೆ ಒಂದೇ: 'ಈ ದಿನ ಹೊಲದ ಕೆಲಸಕ್ಕೆ ಹೋಗಿದ್ದೀರಾ?' ಹೌದು, ಇಲ್ಲ ಎಂಬ ಎರಡು ಚೌಕಗಳಲ್ಲಿ ಒಂದಕ್ಕೆ ಗುರುತು. ಹೋದ ವಾರದ್ದು, ಹೋದ ತಿಂಗಳದ್ದು ಕೇಳಿದರೆ ನೆನಪು ಮೋಸ ಮಾಡುತ್ತದೆ, ಆ ದಿನದ್ದೇ ನಿಖರ ಎಂದು ಹೆಮ್ಮೆಯಿಂದ ಅಡಿಟಿಪ್ಪಣಿಯನ್ನೂ ಹಾಕಿದ್ದೆ.

ಉತ್ತರ ನೋಡಿ ನಾನೇ ಬೆರಗಾದೆ. ಹೆಚ್ಚುಕಡಿಮೆ ಎಲ್ಲರದೂ 'ಇಲ್ಲ'. ಕೆಲಸದ ಸುಗ್ಗಿಯಲ್ಲೇ ಹೆಣ್ಣುಮಕ್ಕಳು ಮನೆಯಲ್ಲಿ! ನಾನು ಉದ್ದನೆಯ ಲೇಖನ ಬರೆದೆ. ಗಂಡಸರ ಸಂಬಳ ಬಂದು ಗ್ರಾಮೀಣ ಮಹಿಳೆ ದುಡಿಮೆಯಿಂದ ಹಿಂದೆ ಸರಿದಿದ್ದಾಳೆ ಎಂದೆ. ನಾಲ್ಕು ಸಮೀಕರಣ ಹಾಕಿದೆ. ಹೆಸರುವಾಸಿ ಪತ್ರಿಕೆಯೊಂದು ಒಪ್ಪಿಕೊಂಡಿತು. ಉಲ್ಲೇಖಗಳು ಬರತೊಡಗಿದವು. ನಾನು ಕಾಲೇಜಿನಲ್ಲಿ ತುಸು ಎದೆ ಮುಂದೆ ಮಾಡಿ ನಡೆಯತೊಡಗಿದೆ.

ಉಲ್ಲೇಖದ ಮಾತು ಬಂದಾಗೆಲ್ಲ ನನಗೆ ಸನ್ನತಿ ನೆನಪಾಗುತ್ತದೆ. ಭೀಮಾ ದಂಡೆಯ ಆ ಊರಿನಲ್ಲಿ, ಚಂದ್ರಲಾಂಬಾ ಗುಡಿಯ ಆವರಣದಲ್ಲಿ, ಒಂದು ಸಣ್ಣ ಗುಡಿಯ ದೇವಿಯ ವಿಗ್ರಹವನ್ನು ಕಲ್ಲೊಂದರ ನಡುವೆ ತೂತು ಕೊರೆದು ನಿಲ್ಲಿಸಿದ್ದರು. ಮುಂದೊಂದು ದಿನ ನೋಡಿದರೆ ಆ ಕಲ್ಲಿನ ಎರಡೂ ಬದಿಗೆ ಪ್ರಾಚೀನ ಚಕ್ರವರ್ತಿಯೊಬ್ಬನ ಶಾಸನ! ಎಷ್ಟು ಶತಮಾನವೋ, ಅದನ್ನು ಯಾರೂ ಓದಲಿಲ್ಲ; ಆದರೆ ಅದರ ಮೇಲೆ ದೇವಿ ನಿಂತಿದ್ದಳು. ನಮ್ಮ ಲೋಕದ ಉಲ್ಲೇಖವೂ ಹೀಗೆಯೇ. ಕೆಳಗಿನ ಕಲ್ಲನ್ನು ಯಾರೂ ಓದುವುದಿಲ್ಲ, ನಿಲ್ಲಿಸುವುದಕ್ಕೆ ಗಟ್ಟಿಯಾಗಿದ್ದರೆ ಸಾಕು. ಒಂದೇ ವ್ಯತ್ಯಾಸ. ಅಲ್ಲಿ ಕಲ್ಲಾದರೂ ಗಟ್ಟಿಯಾಗಿತ್ತು.

ಹೀಗಿರುವಾಗ ಪುಣೆಯಿಂದ ಮಧುರಾ ಎಂಬ ಸಂಶೋಧನಾ ವಿದ್ಯಾರ್ಥಿನಿ ಪತ್ರ ಬರೆದಳು. ಮಹಿಳೆಯರ ದುಡಿಮೆಯ ಬಗ್ಗೆ ಪ್ರಬಂಧ ಬರೆಯುತ್ತಿದ್ದಾಳೆ, ಅದರ ಒಂದು ಇಡೀ ಅಧ್ಯಾಯ ನನ್ನ ಲೇಖನದ ಮೇಲೆ ನಿಂತಿದೆ, ಸಲ್ಲಿಸುವ ಮೊದಲು ಒಮ್ಮೆ ಆ ಊರನ್ನು ಕಣ್ಣಾರೆ ನೋಡಬೇಕು, ಕರೆದುಕೊಂಡು ಹೋಗುವಿರಾ? ನನಗೆ ಇದಕ್ಕಿಂತ ಸಂತೋಷದ ಪತ್ರ ಯಾವ ಕಾಲಕ್ಕೂ ಬಂದಿರಲಿಲ್ಲ. ಕೆಲವು ತಿಂಗಳಲ್ಲಿ ನನ್ನ ಪ್ರೊಫೆಸರ್ ಬಡ್ತಿಯ ಸಂದರ್ಶನವೂ ಇತ್ತು. ಹೊರರಾಜ್ಯದಿಂದ ವಿದ್ವಾಂಸರು ನನ್ನ ಕ್ಷೇತ್ರಕಾರ್ಯ ನೋಡಲು ಬರುತ್ತಾರೆಂದು ಅರ್ಜಿಗೆ ಒಂದು ಸಾಲು ಸೇರಿಸಿದೆ.

ಅದೂ ತೊಗರಿಗೆ ಕಸ ತೆಗೆಯುವ ಕಾಲವೇ. ಸೇಡಂನಿಂದ ರೈಲಿನಲ್ಲಿ ಹೋಗಿ ಕುರಕುಂಟಾದಲ್ಲಿ ಇಳಿದೆವು. ಮಧುರಾಗೆ ಕನ್ನಡ ಬಾರದು. ನಮ್ಮ ಮಾತೆಲ್ಲ ಹಿಂದಿಯಲ್ಲಿ. ದಾರಿಯುದ್ದಕ್ಕೂ ನಾನು ಆ ಸಮೀಕ್ಷೆಯ ದಿನವನ್ನು ಬಣ್ಣಿಸಿದೆ. ಕಟ್ಟೆಗಳ ಮೇಲೆ ಕೂತು ಹೆಣ್ಣುಮಕ್ಕಳು ಹೇನು ನೋಡುತ್ತಿದ್ದದ್ದು, ನೆಲ ಸಾರಿಸುತ್ತಿದ್ದದ್ದು, ಓಣಿಯಲ್ಲಿ ಬೆಲ್ಲದ ವಾಸನೆ ತುಂಬಿದ್ದದ್ದು, ಎಲ್ಲ. ಅವಳು ಪುಸ್ತಕ ತೆರೆದು ಬರೆದುಕೊಂಡಳು.

ಮೊದಲ ಮನೆಗೆ ಬೀಗ. ಎರಡನೆಯದಕ್ಕೂ ಬೀಗ. ಮೂರನೆಯದರ ಬಾಗಿಲು ಬರೀ ಎಳೆದಿತ್ತು, ಒಳಗೆ ಯಾರೂ ಇರಲಿಲ್ಲ. ಆ ಓಣಿಯೆಲ್ಲ ನಡೆದರೂ ಒಬ್ಬ ಹೆಣ್ಣುಮಗಳೂ ಸಿಗಲಿಲ್ಲ. ಮಧುರಾ ನನ್ನ ಮುಖ ನೋಡಿದಳು. "ಒಳಗೆ ಮಲಗಿರಬಹುದು" ಎಂದೆ. ಹೊರಗಿನಿಂದ ಬೀಗ ಹಾಕಿಕೊಂಡು ಒಳಗೆ ಮಲಗುವ ಕಲೆ ಕುರಕುಂಟಾದವರಿಗೆ ಇದ್ದಿರಲಾರದು ಎಂದು ಅವಳಿಗೂ ಅನ್ನಿಸಿರಬೇಕು.

ಬೇವಿನ ಮರದ ಕೆಳಗೆ ಮುದುಕರೊಬ್ಬರು ಕೂತಿದ್ದರು. ಅವರನ್ನು ಕೇಳಿದೆ, "ಯಜಮಾನ್ರ, ಹೆಣ್ಮಕ್ಕಳು ಯಾರೂ ಕಾಣಂಗಿಲ್ಲಲ್ರಿ?"

"ಹೆಣ್ಮಕ್ಕಳು ಈಗ ಮನ್ಯಾಗ ಯಾಕ ಇರ್ತಾರ್ರಿ?" ಎಂದು ಅವರು ನನ್ನನ್ನೇ ಕೇಳಿದರು. "ಕಸಾ ತೆಗಿಲಾಕ ಹೋಗ್ಯಾರ. ಹೊತ್ತು ಮುಣಗೂತನ ಬರಂಗಿಲ್ಲ. ಭೆಟ್ಟಿ ಆಗೋದಿತ್ತಂದ್ರ ಹೊಲಕ್ಕ ಹೋಗ್ರಿ."

ಹೋದೆವು. ಕಪ್ಪು ಮಣ್ಣು ಚಪ್ಪಲಿಗೆ ಮೆತ್ತಿಕೊಂಡು ಒಂದೊಂದು ಹೆಜ್ಜೆಗೂ ಕಾಲು ಭಾರವಾಗುತ್ತ ಹೋಯಿತು. ಮನಸ್ಸು ಅದಕ್ಕಿಂತ ಭಾರ. ದೂರದಲ್ಲಿ ತೊಗರಿ ಸಾಲುಗಳ ನಡುವೆ ಇಪ್ಪತ್ತು ಇಪ್ಪತ್ತೈದು ಹೆಣ್ಣುಮಕ್ಕಳು ಒಂದೇ ಸಮನೆ ಕಳೆ ಕೀಳುವ ಕುರ್ಪಿ ಆಡಿಸುತ್ತ ಸರಿಯುತ್ತಿದ್ದರು. ದುಡಿಮೆಯಿಂದ ಹಿಂದೆ ಸರಿದವರು ಇಷ್ಟು ಬೇಗ ಮುಂದೆ ಸರಿಯುವುದನ್ನು ನಾನೆಂದೂ ನೋಡಿರಲಿಲ್ಲ.

ಸಾಲಿನ ತುದಿಯಲ್ಲಿದ್ದ ಒಬ್ಬಾಕೆ ಎದ್ದು ನಿಂತು ಸೊಂಟದ ಮೇಲೆ ಕೈಯಿಟ್ಟರು. ಐವತ್ತರ ಆಸುಪಾಸು, ಸೀರೆಯ ಮೇಲೆ ಗಂಡನ ಹಳೆಯ ಅಂಗಿ. ಹೆಸರು ತಿಪ್ಪಮ್ಮ, ಈ ಗುಂಪನ್ನು ಕೂಡಿಸಿ ಕೆಲಸಕ್ಕೆ ಕರೆತರುವವರು ಅವರೇ ಎಂದು ಆಮೇಲೆ ತಿಳಿಯಿತು. ನನ್ನನ್ನು ಒಂದು ಗಳಿಗೆ ದಿಟ್ಟಿಸಿ, "ನೀವು ಚಿತ್ತಾಪುರ ಕಾಲೇಜಿನ ಸರ್ ಅಲ್ರಿ? ಆಗೊಮ್ಮೆ ಹುಡಿಗ್ಯಾರ್ನ ಕರ್ಕೊಂಡು ಬರಕೊಳ್ಳಾಕ ಬಂದಿದ್ರಲ್ಲ?" ಎಂದರು.

ನನಗೆ ಹೋದ ಜೀವ ಬಂದಂತಾಯಿತು. "ಹೌದ್ರಿ, ನಾನೇ. ಅವತ್ತ ನೀವೆಲ್ಲಾ ಮನ್ಯಾಗೇ ಇದ್ರಿ. ಮತ್ತೀಗ ಕೆಲಸಕ್ಕ ಬರ್ಲಿಕತ್ತೀರೇನು?"

"ಮತ್ತೀಗ ಅಂದ್ರ? ನಾವು ಯಾವಾಗ ಬಿಟ್ಟಿದ್ವಿರಿ?" ಎಂದು ತಿಪ್ಪಮ್ಮ ಪಕ್ಕದವಳ ಕಡೆ ನೋಡಿ ನಕ್ಕರು. "ಅವತ್ತ ಅಮಾಸಿ ಇತ್ತು ಸರ್. ಅಮಾಸಿ ದಿನಾ ನಮ್ಮಲ್ಲಿ ಯಾರೂ ಹೊಲಕ್ಕ ಹೋಗಂಗಿಲ್ಲ. ಹೋಳಿಗಿ ಮಾಡ್ಲಿಕತ್ತಿದ್ದೆ ನಾ. ನಿಮ್ಮ ಹುಡಿಗಿಗಿ ಹೇಳೀನಿ, ಇವತ್ತ ಅಮಾಸಿ ಅದವ್ವಾ ಅಂತ. ಅಕಿ 'ಅದೆಲ್ಲಾ ಬ್ಯಾಡ ಆಂಟಿ, ಹೌದು ಇಲ್ಲ ಎರಡರಾಗ ಒಂದ್ ಹೇಳ್ರಿ' ಅಂದಳು. ಇಲ್ಲ ಅಂದೆ."

ತೊಗರಿ ಗಿಡಗಳು ಗಾಳಿಗೆ ಅಲ್ಲಾಡುತ್ತಿದ್ದವು. ನನ್ನ ನಾಲ್ಕೂ ಸಮೀಕರಣಗಳು ಅವುಗಳ ಜೊತೆ ಅಲ್ಲಾಡಿದವು. ನಾನು ಹುಟ್ಟಿ ಬೆಳೆದದ್ದು ಈ ಸೀಮೆಯಲ್ಲೇ. ಅಮಾವಾಸ್ಯೆಗೆ ಎತ್ತಿನ ಕೊರಳಿಗೆ ನೊಗ ಇಡುವುದಿಲ್ಲ, ಹೊಲಕ್ಕೆ ಆಳು ಹೋಗುವುದಿಲ್ಲ ಎಂಬುದು ಇಲ್ಲಿ ಹಾಲುಗಲ್ಲದ ಮಕ್ಕಳಿಗೂ ಗೊತ್ತು. ನನಗೂ ಗೊತ್ತಿತ್ತು. ಆದರೆ ಪಿಎಚ್.ಡಿ. ಮಾಡುವಾಗ ಇಂಥ ಗೊತ್ತಿರುವುದನ್ನೆಲ್ಲ ಒಂದೊಂದಾಗಿ ಮರೆಯುವ ತರಬೇತಿ ಕೊಡುತ್ತಾರೆ.

"ಏನಂದರು ಸರ್?" ಮಧುರಾ ಹಿಂದಿಯಲ್ಲಿ ಕೇಳಿದಳು.

ಈಗ ನಾನು ಮಾಡಿದ್ದನ್ನು ಮುಚ್ಚಿಡದೆ ಹೇಳುತ್ತೇನೆ. "ನನ್ನ ಗುರುತು ಇನ್ನೂ ಇದೆಯಂತೆ" ಎಂದೆ.

ಅದು ಸುಳ್ಳಲ್ಲ. ಅನುವಾದದಲ್ಲಿ ಏನಾದರೂ ಕಳೆದುಹೋಗುತ್ತದೆ ಎನ್ನುತ್ತಾರೆ. ನಾನು ಮುಖ್ಯವಾದದ್ದನ್ನೇ ಆರಿಸಿ ಕಳೆದೆ, ಅಷ್ಟೆ. ಮಧುರಾ ಮುಗುಳ್ನಕ್ಕು ಪುಸ್ತಕದಲ್ಲಿ ಬರೆದುಕೊಳ್ಳಲು ಶುರು ಮಾಡಿದಳು. ಅವಳ ಪೆನ್ನು ಓಡುವುದನ್ನು ನೋಡುತ್ತ ನಿಂತ ಆ ಅರ್ಧ ನಿಮಿಷದಷ್ಟು ಉದ್ದನೆಯ ಅರ್ಧ ನಿಮಿಷ ನನ್ನ ಜೀವನದಲ್ಲಿ ಬೇರೆ ಇಲ್ಲ.

ನನ್ನ ದುರ್ದೈವವೋ ಸುದೈವವೋ, ತಿಪ್ಪಮ್ಮ ಹೈದರಾಬಾದಿನಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿ ಹಲವು ವರ್ಷ ಇದ್ದು ಹಿಂದಿ ಕಲಿತು ಬಂದವರು. ನಾನು ಹೇಳಿದ್ದು ಅವರಿಗೆ ಪೂರ್ತಿ ತಿಳಿದಿತ್ತು. ಅವರು ನನ್ನನ್ನು ಪಕ್ಕಕ್ಕಿಟ್ಟು ನೇರ ಮಧುರಾಗೆ ಹೇಳಿದರು, "ಉಸ್ ದಿನ್ ಅಮಾವಾಸ್ಯಾ ಥೀ ಮೇಡಮ್. ಅಮಾವಾಸ್ಯಾ ಕೂ ಖೇತ್ ಕೂ ಕೌನ್ ಜಾತಾ?"

ಅಮಾವಾಸ್ಯೆಯ ದಿನ ಹೊಲಕ್ಕೆ ಯಾರು ಹೋಗುತ್ತಾರೆ? ಮಧುರಾಳ ಪೆನ್ನು ನಿಂತಿತು. ಅವಳು ತಿಪ್ಪಮ್ಮನನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ನಾನು ನನ್ನ ಚಪ್ಪಲಿಗೆ ಮೆತ್ತಿದ ಮಣ್ಣನ್ನು ನೋಡಿದೆ.

ತಿಪ್ಪಮ್ಮನಿಗೆ ಏನೋ ಎಡವಟ್ಟಾಯಿತೆಂದು ಹೊಳೆದಿರಬೇಕು. ಬುತ್ತಿ ಬಿಚ್ಚಿ, "ಬರ್ರಿ ಸರ್, ಕುಂದ್ರಿ, ರೊಟ್ಟಿ ತಿನ್ರಿ" ಎಂದರು. ನಾವು ಬದುವಿನ ಮೇಲೆ ಕೂತು ಪುಂಡಿಪಲ್ಯ, ಜೋಳದ ರೊಟ್ಟಿ ತಿಂದೆವು. ಮಧುರಾ ಅವರನ್ನೆಲ್ಲ ಹಿಂದಿಯಲ್ಲಿ ಮಾತಾಡಿಸಿದಳು: ಯಾರ ಗಂಡ ಕಾರ್ಖಾನೆಗೆ ಹೋಗುತ್ತಾರೆ, ಅವರು ಹೋಗತೊಡಗಿದ ಮೇಲೆ ನಿಮ್ಮ ಕೆಲಸ ಕಡಿಮೆಯಾಯಿತೇ? ಒಬ್ಬಾಕೆ ಹೇಳಿದಳು, ತಿಪ್ಪಮ್ಮ ಅದನ್ನು ಹಿಂದಿಗೆ ಹಾಕಿದರು: ಗಂಡ ಕಾರ್ಖಾನೆಗೆ ಹೋದಮೇಲೆ ಅವನು ಮಾಡುತ್ತಿದ್ದ ಹೊಲದ ಕೆಲಸವೂ ತನ್ನ ಮೇಲೇ ಬಿತ್ತು, ದನ ನೋಡುವುದೂ ತನ್ನ ಮೇಲೇ ಬಿತ್ತು. ಅಂದರೆ ನನ್ನ ತೀರ್ಮಾನ ಸ್ವಲ್ಪ ತಪ್ಪಾಗಿರಲಿಲ್ಲ. ನೂರಕ್ಕೆ ನೂರು ತಿರುಗುಮುರುಗಾಗಿತ್ತು. ಇಷ್ಟು ಅಚ್ಚುಕಟ್ಟಾಗಿ ತಪ್ಪು ಮಾಡುವುದಕ್ಕೂ ಪ್ರತಿಭೆ ಬೇಕು.

ಮಧುರಾಗೆ ವಾಡಿಯಲ್ಲಿ ಪುಣೆಯ ಗಾಡಿ. ಕಳಿಸಿಕೊಡಲು ನಾನೂ ವಾಡಿಯವರೆಗೆ ಹೋದೆ. ಸೇಡಂ ದಾಟಿತು, ಚಿತ್ತಾಪುರ ದಾಟಿತು, ಅವಳು ಮೊಬೈಲಿನಲ್ಲಿ ಏನನ್ನೋ ಓದುತ್ತಲೇ ಇದ್ದಳು. ಬೈದಿದ್ದರೆ ಹಗುರವಾಗುತ್ತಿತ್ತು. ವಾಡಿಯ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತಮೇಲೆ ಅವಳೇ ಬಾಯಿ ಬಿಟ್ಟಳು.

"ಸರ್, ನಾನೊಂದು ಹೇಳಬೇಕು. ನಿಮ್ಮ ಲೇಖನವನ್ನು ನಾನು ಪೂರ್ತಿ ಓದಿರಲಿಲ್ಲ. ಮೊದಲ ಸಾರಾಂಶ, ಕೊನೆಯ ತೀರ್ಮಾನ, ಅಷ್ಟೇ. ಈಗ ರೈಲಿನಲ್ಲಿ ತೆರೆದು ನೋಡಿದೆ. ಸಮೀಕ್ಷೆಯ ದಿನಾಂಕ ನೀವೇ ಬರೆದಿದ್ದೀರಿ. ಓದಿದ್ದರೆ ನನಗೇ ಹೊಳೆಯುತ್ತಿತ್ತೇನೋ. ನಮ್ಮ ಅಜ್ಜಿಯ ಊರಿನಲ್ಲೂ ಅಮಾವಾಸ್ಯೆಗೆ ಹೊಲಕ್ಕೆ ಹೋಗುವುದಿಲ್ಲ."

ಇಷ್ಟು ಜನ ನನ್ನನ್ನು ಹೆಸರಿಸಿದ್ದರಲ್ಲ, ಅವರಲ್ಲಿ ಖಂಡಿತವಾಗಿ ಓದಿದ್ದಾಳೆಂದು ನಾನು ನಂಬಿದ್ದು ಇವಳೊಬ್ಬಳನ್ನೇ. ಅದೂ ಹೋಯಿತು.

"ನನ್ನ ಅಧ್ಯಾಯ ಬಿದ್ದುಹೋಯಿತು" ಎಂದಳು. "ಹೊಸದಾಗಿ ಬರೆಯುತ್ತೇನೆ. ಆದರೆ ಹೊಲದಲ್ಲಿ ಒಬ್ಬರು ಹೀಗೆ ಹೇಳಿದರು ಎಂದು ನಾನು ಬರೆದರೆ ಪರೀಕ್ಷಕರು ಒಪ್ಪುವುದಿಲ್ಲ. ಅಚ್ಚಾದ ಲೇಖನವನ್ನೇ ನಂಬುತ್ತಾರೆ. ನೀವು ತಿದ್ದುಪಡಿ ಬರೆದು ಅಚ್ಚು ಹಾಕಿಸಿದರೆ ಮಾತ್ರ ನಾನು ನಿಜ ಬರೆಯಬಹುದು ಸರ್."

ನಾನು ಬರೆಯುತ್ತೇನೆ ಎಂದೆನೇ? ಇಲ್ಲ. "ನೋಡೋಣ" ಎಂದೆ. ಗಾಡಿ ಬಂತು, ಅವಳು ಹೋದಳು. 'ನೋಡೋಣ' ಎಂಬ ಶಬ್ದ ಕನ್ನಡದಲ್ಲಿ ಇಲ್ಲದೇ ಹೋಗಿದ್ದರೆ ನಾವು ಎಷ್ಟು ಪ್ರಾಮಾಣಿಕ ಜನವಾಗಿರುತ್ತಿದ್ದೆವೋ.

ಮನೆಗೆ ಬಂದು ಸುವರ್ಣಾಗೆ ಎಲ್ಲ ಹೇಳಿದೆ. ಬಡ್ತಿಗೆ ನಾನು ನಂಬಿಕೊಂಡಿದ್ದು ಆ ಒಂದು ಲೇಖನವನ್ನೇ, ಈಗ ಅದೇ ತಪ್ಪು ಎಂದು ನಾನೇ ಡಂಗುರ ಸಾರಿದರೆ ಗತಿ ಏನು ಎಂದೆ. ಅವಳು ಮಕ್ಕಳ ನೋಟುಪುಸ್ತಕ ತಿದ್ದುತ್ತಿದ್ದಳು. ತಲೆ ಎತ್ತಲಿಲ್ಲ.

"ನಾಲ್ಕನೇ ಈಯತ್ತೆಯ ಹುಡುಗ್ರು ತಪ್ಪ್ ಬರದ್ರ ಕಾಟ್ ಹೊಡ್ದು ಮತ್ತ ಬರಸ್ತೀನಿ ನಾ. ನಿಮಗೇನ್ ಬ್ಯಾರೆ ಕಾಯ್ದೆ ಅದ ಏನ್ರಿ?"

"ಬಡ್ತಿ ಸಿಗಲಿಲ್ಲಂದ್ರ?"

"ಇದ್ದಲ್ಲೇ ಇರ್ತೀರಿ. ಇಲ್ಲಿತನ ಇದ್ದಿಲ್ಲೇನು?"

ಆದರೂ ಒಂದು ವಾರ ನಾನು ಒದ್ದಾಡಿದೆ. ಆಮೇಲೆ ಕೂತು ಬರೆದ ಮೊದಲ ಕರಡು ಹೀಗಿತ್ತು: 'ಸಮೀಕ್ಷಾ ದಿನದ ಸಾಂಸ್ಕೃತಿಕ ಸಂದರ್ಭವು ಪ್ರತಿಕ್ರಿಯೆಗಳ ಮೇಲೆ ಕೆಲಮಟ್ಟಿನ ಪ್ರಭಾವ ಬೀರಿರಬಹುದಾದ ಸಾಧ್ಯತೆಯನ್ನು ಸಂಪೂರ್ಣವಾಗಿ ಅಲ್ಲಗಳೆಯಲಾಗದು.' ಸುವರ್ಣಾ ಎರಡು ಸಲ ಓದಿ, "ಇದ್ರಾಗ ಅಮಾಸಿ ಎಲ್ಲದ್ರಿ?" ಎಂದಳು. ಹರಿದುಹಾಕಿದೆ. ನಾವು ವಿದ್ವಾಂಸರು ಭಾಷೆ ಕಲಿಯುವುದು ಏನನ್ನಾದರೂ ಹೇಳುವುದಕ್ಕೆ ಎಂದು ಜನ ತಿಳಿದಿದ್ದಾರೆ.

ಮತ್ತೆ ಕುರಕುಂಟಾಕ್ಕೆ ಹೋದೆ. ಒಂದು ದಿನವಲ್ಲ, ರಜೆ ಹಾಕಿ ಎರಡು ವಾರ, ಬೆಳಗಿನ ರೈಲಿಗೆ ಹೋಗಿ ಹೊಲದಲ್ಲೇ ಕೂತು ಬರೆದುಕೊಂಡೆ. ಈ ಸಲ ಹೌದು, ಇಲ್ಲಗಳ ಚೌಕಗಳನ್ನು ತೆಗೆದುಹಾಕಿ ಉದ್ದನೆಯ ಖಾಲಿ ಗೆರೆಗಳನ್ನು ಬಿಟ್ಟಿದ್ದೆ. ಅವೂ ಸಾಲಲಿಲ್ಲ, ಹಾಳೆಯ ಹಿಂದೆಯೂ ಬರೆಯಬೇಕಾಯಿತು. ಕೊನೆಯ ದಿನ ತಿಪ್ಪಮ್ಮನನ್ನು ಕೇಳಿದೆ, "ತಪ್ಪು ತೋರಿಸಿದವರು ನೀವಂತ ನಿಮ್ಮ ಹೆಸರು ಹಾಕಲೇನ್ರಿ?"

"ಹಾಕ್ರಿ. ನಾ ಏನ್ ಕಳುವು ಮಾಡೀನಿ?" ಎಂದರು. ಮತ್ತೆ ಕುರ್ಪಿ ಹಿಡಿಯುತ್ತ, "ಊರಿನ ಹೆಸರೂ ಹಾಕ್ರಿ ಮತ್ತ" ಎಂದು ಸೇರಿಸಿದರು.

'ನಾನು ಸಮೀಕ್ಷೆ ಮಾಡಿದ ದಿನ ಅಮಾವಾಸ್ಯೆಯಾಗಿತ್ತು. ಆ ದಿನ ಅಲ್ಲಿ ಯಾರೂ ಹೊಲಕ್ಕೆ ಹೋಗುವುದಿಲ್ಲ. ನನ್ನ ತೀರ್ಮಾನ ತಪ್ಪು. ಇದನ್ನು ತೋರಿಸಿಕೊಟ್ಟವರು ಕುರಕುಂಟಾದ ಶ್ರೀಮತಿ ತಿಪ್ಪಮ್ಮ.' ಹೀಗೆ ಶುರುವಾಗುವ ತಿದ್ದುಪಡಿಯನ್ನು ಆ ಪತ್ರಿಕೆಗೆ ಕಳಿಸಿ, ಅವರ ಒಪ್ಪಿಗೆ ಬಂದಮೇಲೆ ಒಂದು ಪ್ರತಿಯನ್ನು ಬಡ್ತಿಯ ಅರ್ಜಿಗೂ ಲಗತ್ತಿಸಿದೆ. ಮಧುರಾಗೂ ಕಳಿಸಿದೆ. ಅವಳಿಂದ ಒಂದೇ ಸಾಲಿನ ಉತ್ತರ ಬಂತು: 'ಈ ಸಲ ಪೂರ್ತಿ ಓದಿದೆ ಸರ್.'

ಸಂದರ್ಶನದಲ್ಲಿ ಮೂವರು ಹಿರಿಯರು ಕೂತಿದ್ದರು. ನಡುವಿನವರು ನನ್ನ ಪ್ರಸಿದ್ಧ ಲೇಖನದ ಬಗ್ಗೆ ಹೇಳಿ ಎಂದರು. ನಾನು ಹನುಮಪ್ಪನ ಮೇಲೆ ಭಾರ ಹಾಕಿ, "ಅದು ತಪ್ಪು ಸರ್" ಎಂದೆ. ನಡೆದದ್ದನ್ನೆಲ್ಲ ಹೇಳಿದೆ. ನನ್ನ ಪ್ರಾಮಾಣಿಕತೆಗೆ ಅವರು ಕರಗಬಹುದು, ಇಲ್ಲವೇ ಎದ್ದು ಹೋಗು ಎನ್ನಬಹುದು ಎಂದು ಎರಡಕ್ಕೂ ಸಿದ್ಧನಾಗಿದ್ದೆ.

"ಉಲ್ಲೇಖಗಳು ವಾಪಸ್ ಹೋಗುವುದಿಲ್ಲವಲ್ಲ?" ಎಂದು ಎಡಗಡೆಯವರು ಕೇಳಿದರು.

"ಇಲ್ಲ ಸರ್. ಅವು ಹಾಗೇ ಇರುತ್ತವೆ."

"ಹಾಗಾದರೆ ತೊಂದರೆ ಇಲ್ಲ" ಎಂದು ಅವರು ಗುರುತು ಹಾಕಿದರು. ಬಲಗಡೆಯವರು ಲಗತ್ತು ತಿರುವಿ, "ಈ ತಿದ್ದುಪಡಿ ಅಚ್ಚಾಗಲು ಒಪ್ಪಿಗೆಯಾಗಿದೆಯಲ್ಲ? ಇದನ್ನು ನೀವು ಪ್ರತ್ಯೇಕ ಪ್ರಕಟಣೆ ಎಂದು ಪಟ್ಟಿಗೆ ಸೇರಿಸಿಯೇ ಇಲ್ಲ. ಸೇರಿಸಿ, ಇದಕ್ಕೂ ಅಂಕ ಇದೆ" ಎಂದರು.

ಹೀಗೆ ತಪ್ಪು ಮಾಡಿದ್ದಕ್ಕೆ ಅಷ್ಟು ಅಂಕ, ಅದನ್ನು ತಪ್ಪೆಂದು ಹೇಳಿದ್ದಕ್ಕೆ ಇಷ್ಟು ಅಂಕ ಕೂಡಿ ನಾನು ಪ್ರೊಫೆಸರ್ ಆದೆ. ತಪ್ಪೇ ಮಾಡದ ನಮ್ಮ ಇತಿಹಾಸದ ಅಧ್ಯಾಪಕರು ಇನ್ನೂ ಇದ್ದಲ್ಲೇ ಇದ್ದಾರೆ. ಅವರು ಒಂದೇ ಪುಸ್ತಕಕ್ಕೆ ಹನ್ನೆರಡು ವರ್ಷ ಕೂತಿದ್ದಾರೆ. ಅವರನ್ನು ಸ್ಟಾಫ್ ರೂಮಿನಲ್ಲಿ ಕಂಡಾಗ ನಾನು ಈಗಲೂ ಕಿಟಕಿಯ ಕಡೆ ನೋಡುತ್ತೇನೆ.

ತಿದ್ದುಪಡಿ ಪತ್ರಿಕೆಯ ಕೊನೆಯ ಪುಟದಲ್ಲಿ, ಸಣ್ಣ ಅಕ್ಷರಗಳಲ್ಲಿ ಅಚ್ಚಾಯಿತು. ಇನ್ನಾದರೂ ಜನ ಆ ತಪ್ಪು ಲೇಖನವನ್ನು ಹೆಸರಿಸುವುದು ನಿಲ್ಲಿಸುತ್ತಾರೆಂದುಕೊಂಡೆ. ನಿಲ್ಲಿಸಲಿಲ್ಲ. ಈಗಲೂ ಬರುತ್ತಲೇ ಇವೆ. ಪರದೇಶಗಳ ಲೇಖಕರಿಗೆ ನಾನೇ ಪತ್ರ ಬರೆದು, ದಯವಿಟ್ಟು ನನ್ನನ್ನು ನಂಬಬೇಡಿ ಎಂದು ಬೇಡಿಕೊಂಡೆ. ಒಬ್ಬರು ಬಹಳ ವಿನಯದಿಂದ, ನಿಮ್ಮ ಸರಳತೆ ಮೆಚ್ಚುವಂಥದ್ದು, ಆದರೆ ನಿಮ್ಮ ಲೇಖನ ನಮಗೆ ಅತ್ಯಂತ ಉಪಯುಕ್ತವಾಗಿದೆ ಎಂದು ಉತ್ತರಿಸಿದರು. ಇನ್ನೊಬ್ಬರು ಇನ್ನೂ ಮುಂದೆ ಹೋದರು. ಮಹಿಳೆಯರು ದುಡಿಮೆ ಬಿಟ್ಟಿದ್ದಾರೆ ಎಂಬ ಮಾತಿಗೆ ಆಧಾರವಾಗಿ ಲೇಖನದ ಜೊತೆಗೆ ತಿದ್ದುಪಡಿಯನ್ನೂ ಹೆಸರಿಸಿದರು. ಎರಡು ಆಧಾರ ಕೊಟ್ಟರೆ ಗಟ್ಟಿ ಎಂದು. ಅವತ್ತು ನಾನು ಮೊಬೈಲನ್ನು ಹಾಸಿಗೆಯ ಮೇಲೆ ಎಸೆದೆ. ಗೋಡೆಗೇ ಎಸೆಯಬೇಕೆಂದಿತ್ತು, ಕಂತು ಬಾಕಿ ಇತ್ತು.

ಆದರೆ ಇದರಲ್ಲಿ ಒಂದು ತಮಾಷೆಯೂ ಆಯಿತು. ತಿದ್ದುಪಡಿಯ ಮೊದಲ ಸಾಲುಗಳಲ್ಲೇ ತಿಪ್ಪಮ್ಮನ ಹೆಸರಿತ್ತಲ್ಲ, ಲೆಕ್ಕ ಇಡುವ ಆ ಯಂತ್ರ ಅವರನ್ನೂ ಲೇಖಕಿ ಎಂದೇ ತಿಳಿದುಕೊಂಡಿತು. ಅದೂ ಮೊದಲ ಲೇಖಕಿ. ಈಗ ಪಟ್ಟಿಯಲ್ಲಿ ಅದು 'ತಿಪ್ಪಮ್ಮ ಮತ್ತು ಇತರರು' ಎಂದಿದೆ. ಆ ಇತರರು ನಾನು. ಮಧುರಾ ತನ್ನ ಪ್ರಬಂಧದಲ್ಲಿ ಅದನ್ನು ಹೆಸರಿಸಿದಳು, ಅವಳಿಗೆ ಪಿಎಚ್.ಡಿ. ಆಯಿತು. ಅವಳನ್ನು ಓದಿ ಇನ್ನಿಬ್ಬರು ಹೆಸರಿಸಿದರು. ಅದರಲ್ಲೊಬ್ಬರು ಎಲ್ಲೋ ದಕ್ಷಿಣ ಅಮೆರಿಕದವರು. 'ತಿಪ್ಪಮ್ಮ ಸರಿಯಾಗಿಯೇ ಗುರುತಿಸಿರುವಂತೆ' ಎಂದು ಶುರುವಾಗುವ ಅವರ ವಾಕ್ಯವನ್ನು ನಾನು ಎಷ್ಟು ಸಲ ಓದಿದೆನೋ. ನನ್ನ ಇಡೀ ಜೀವಮಾನದಲ್ಲಿ ಯಾರೂ ನನ್ನ ಬಗ್ಗೆ 'ಸರಿಯಾಗಿಯೇ' ಎಂದು ಬರೆದಿಲ್ಲ.

ಈ ಸುದ್ದಿ ಹೇಳಲೇಬೇಕೆಂದು ಕುರಕುಂಟಾಕ್ಕೆ ಹೋದೆ. ತಿಪ್ಪಮ್ಮ ಹೊಲದಲ್ಲಿದ್ದರು. ಮೊಬೈಲಿನಲ್ಲಿ ಅವರ ಹೆಸರು ತೋರಿಸಿ, ದೂರದೂರದ ದೇಶದವರು ನಿಮ್ಮ ಮಾತು ತಮ್ಮ ಲೇಖನದಲ್ಲಿ ಬರೆದಿದ್ದಾರೆ ಎಂದೆ. ಅವರು ಕೈಯ ಮಣ್ಣು ಸೀರೆಗೆ ಒರೆಸಿಕೊಂಡು, ಓದಲು ಬಾರದ ಆ ಇಂಗ್ಲಿಷ್ ಅಕ್ಷರಗಳ ಮೇಲೆ ಬೆರಳಾಡಿಸಿದರು.

"ಇದು ನಾನೇನ್ರಿ?"

"ನೀವೇ."

"ಅವರು ಯಾಕ ನನ್ನ ಹೆಸರ ತಗೊಂಡಾರ್ರಿ?"

"ನೀವು ಖರೇ ಹೇಳಿದ್ರಲ್ಲ, ಅದಕ್ಕ. ಅವರಿಗೆ ನಿಮ್ಮನ್ನ ಭೆಟ್ಟಿ ಆಗಬೇಕಂತನೂ ಆಸೆ ಅದ, ನನಗ ಪತ್ರ ಬರ್ದಾರ. ಯಾವಾಗರೆ ಬರಬಹುದು."

ತಿಪ್ಪಮ್ಮ ಮತ್ತೆ ಸಾಲಿಗೆ ಕೂತು ಕುರ್ಪಿ ಕೈಗೆತ್ತಿಕೊಂಡರು. "ಬರ್ಲಿ ತಗೋರಿ, ಹೋಳಿಗಿ ಮಾಡಿ ಹಾಕ್ತೀನಿ. ಆದ್ರ ಅಮಾಸಿ ನೋಡ್ಕೊಂಡು ಬರಾಕ ಹೇಳ್ರಿ ಸರ್" ಎಂದರು. "ಬ್ಯಾರೆ ದಿನಾ ಬಂದ್ರ ನಾವೆಲ್ಲಿ ಮನ್ಯಾಗ ಸಿಗ್ತೀವಿ?"